ಬ್ಯಾಟರಿಯ ಊಟದ ಹೊತ್ತು

ಶಾಲೆಯಿಂದ ಮನೆಗೆ ಬಂದೊಡನೆ ನಾನು ಮೊದಲು ಮುಟ್ಟಿ ನೋಡುವುದು ಸ್ಕೂಟರಿನ ಬ್ಯಾಟರಿಯನ್ನು. ಜ್ವರ ಬಂದ ಕೂಸಿನ ಹಣೆ ನೋಡುವ ಹಾಗೆ ಕೈ ತಾಗಿಸಿ, ಬಿಸಿ ಇಳಿದ ಮೇಲೆಯೇ ಚಾರ್ಜಿಗೆ ಹಚ್ಚುತ್ತೇನೆ. ಇದನ್ನು ನೋಡಿ ನೋಡಿ ಸಾಕಾಗಿ ನನ್ನ ಗಂಡ ಒಮ್ಮೆ ಕೇಳಿಯೇಬಿಟ್ಟರು: "ನನಗ ಜ್ವರ ಬಂದಾಗರೆ ಹಿಂಗ ಮುಟ್ಟಿ ನೋಡಿಯೇನ?"

"ನಿಮಗ ಹೇಳಾಕ ಬಾಯಿ ಐತಿ. ಅದಕ್ಕಿಲ್ಲ" ಎಂದೆ.

ಶೇಡಬಾಳದ ನಮ್ಮ ಮನೆಯಿಂದ ನಾನು ಕಲಿಸುವ ಹಳ್ಳಿ ಶಾಲೆಗೆ ಬಸ್ಸಿದೆ. ಆದರೆ ಆ ಬಸ್ಸಿಗೂ ಶಾಲೆಯ ಗಂಟೆಗೂ ಪರಿಚಯವಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾದ ನನ್ನ ಗಂಡ ತಮ್ಮ ಮೋಟಾರ್ ಸೈಕಲ್ಲಿನ ಮೇಲೆ ಬಿಡುತ್ತಿದ್ದರು, ನಿಜ. ದಾರಿಯ ಪ್ರತಿ ಚಹಾದಂಗಡಿಯಲ್ಲೂ ಅವರಿಗೊಬ್ಬ ಗೆಳೆಯ. "ಎರಡ ಮಿನಿಟ" ಎಂದು ಇಳಿದರೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಹಾಜರಿಯೂ ಆಗಿರುತ್ತಿತ್ತು. ಲೈಸೆನ್ಸ್ ಬೇಡದ ಕರೆಂಟಿನ ಸ್ಕೂಟರು ನಮ್ಮ ಕಡೆ ಹೊಸದಾಗಿ ಬಂದಾಗ, ಇನ್ನು ಯಾರ ಬೆನ್ನ ಹಿಂದೆಯೂ ಕೂಡುವುದಿಲ್ಲವೆಂದು ನಿರ್ಧರಿಸಿ ಒಂದನ್ನು ತಂದೇಬಿಟ್ಟೆ. ಅದಕ್ಕೆ ಸದ್ದೇ ಇಲ್ಲ. ಎಮ್ಮೆಗಳು ದಾರಿ ಬಿಡುತ್ತಿರಲಿಲ್ಲ, ಜನ ನಗುತ್ತಿದ್ದರು. ನಗಲಿ, ನಾನು ಪ್ರಾರ್ಥನೆಗೆ ಮುಟ್ಟುತ್ತಿದ್ದೆ.

ಆದರೆ ಅದನ್ನು ಸಾಕುವುದು ನನಗೆ ಗೊತ್ತಿರಲಿಲ್ಲ. ಎಣ್ಣೆ ತೀರಿದ ಮೇಲೆ ಕಂದೀಲಿಗೆ ಎಣ್ಣೆ ಹಾಕಿ ಬೆಳೆದವಳು ನಾನು. ಬ್ಯಾಟರಿಯನ್ನೂ ಹಾಗೇ ಪೂರ್ತಿ ಬರಿದು ಮಾಡಿ ತುಂಬುತ್ತಿದ್ದೆ. ಬೇಸಿಗೆ ರಜೆಗೆ ನಿಪ್ಪಾಣಿಯ ತವರಿಗೆ ಹೋದಾಗ ಖಾಲಿಯಾಗಿಯೇ ನಿಲ್ಲಿಸಿ ಹೋಗಿದ್ದೆ. ಬಂದು ನೋಡಿದರೆ ಕೀಲಿ ತಿರುವಿದರೂ ದೀಪವಿಲ್ಲ.

ಅಥಣಿಯ ಅಂಗಡಿಯವರು ಪರೀಕ್ಷಿಸಿ, "ಶಾಲಿ ಬಾಯಾರ, ಇದು ಉಪವಾಸ ಬಿದ್ದು ಸತ್ತೈತ್ರಿ" ಎಂದರು. ನಮ್ಮೂರ ಜೈನರ ಓಣಿಯಲ್ಲಿ ದಿನಗಟ್ಟಲೆ ಉಪವಾಸವಿದ್ದು ನಗುನಗುತ್ತ ಬಸದಿಗೆ ನಡೆದುಹೋಗುವ ಅಜ್ಜಿಯರಿದ್ದಾರೆ. ಬ್ಯಾಟರಿಗೆ ಆ ಪುಣ್ಯವಿಲ್ಲ.

"ಗುಜರಿ ಭಂಗಾರದವಗ ಹಾಕಿಬಿಡು. ನಾ ಬಿಡತೀನಲ್ಲ ಶಾಲಿಗಿ" ಎಂದರು ಗಂಡ, ತುಂಬ ಪ್ರೀತಿಯಿಂದ. ಆ ಪ್ರೀತಿಗೆ ಹೆದರಿಯೇ ನಾನು ಮರುದಿನ ಹೊಸ ಬ್ಯಾಟರಿ ಕೂಡಿಸಿದೆ. ಇದನ್ನು ಮಾತ್ರ ಸಾಯಗೊಡುವುದಿಲ್ಲವೆಂದು ಹಟ ಹಿಡಿದೆ. ಬಿಸಿಲಿಗೆ ನಿಲ್ಲಿಸಲಿಲ್ಲ. ಅರ್ಧ ಇಳಿಯುವುದರೊಳಗೆ ತುಂಬಿಸಿದೆ. ರಜೆಯಲ್ಲೂ ಮರೆಯದೆ ಉಣಿಸಿದೆ.

ಉಣಿಸುವುದೇನು ಸುಲಭವೇ? ಆಗ ಸಂಜೆ ಕರೆಂಟು ಬಂದು ನಿಲ್ಲುತ್ತಿದ್ದುದೇ ಸ್ವಲ್ಪ ಹೊತ್ತು. ಮನೆಯಲ್ಲಿ ಗಟ್ಟಿಯಾದ ಪ್ಲಗ್ಗು ಒಂದೇ, ಅದು ಟೀವಿಯದು. ಎರಡನ್ನೂ ಕೂಡಿ ಹಚ್ಚಿದರೆ ಫ್ಯೂಜು ಹಾರುತ್ತಿತ್ತು. ಮೇಲಾಗಿ ಅದು ಅತ್ತೆಯ ಧಾರಾವಾಹಿಯ ಹೊತ್ತು. ನಾನು ಟೀವಿಯ ವೈರಿಗೆ ಕೈ ಹಾಕಿದರೆ ಅವರು ಕೂಗುತ್ತಿದ್ದರು: "ಸೊಸಿ ಮನಿ ಬಿಟ್ಟು ಹೊಂಟಾಳ, ಇಂಥಾದ್ರಾಗ ಆರಿಸ್ತಿಯೇನ?"

"ಆಕಿ ನಾಳೆನೂ ಹೊಂಟಿರತಾಳ್ರಿ ಅತ್ತಿ. ನಾ ಮುಂಜಾನೆ ಶಾಲಿಗಿ ಹೋಗಬೇಕು."

ವೈರು ಕಿತ್ತೆ. ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ನನಗೂ ಕಸಿವಿಸಿಯಾಯಿತು, ಆದರೆ ಹಟ ಬಿಡಲಿಲ್ಲ.

ಆ ದಿನಗಳಲ್ಲೇ ಪಕ್ಕದೂರಿನ ಗಂಗವ್ವ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಗಂಗವ್ವನೂ ನಮ್ಮ ಅತ್ತೆಯೂ ಚಿಕ್ಕಂದಿನಿಂದ ಕೂಡಿ ಎಮ್ಮೆ ಕಾಯ್ದವರು. ಕರೆದುಕೊಂಡು ಹೋಗು ಎಂದು ಅತ್ತೆ ಕೇಳಿದಾಗಲೆಲ್ಲ ಮಗ "ಮುಂದಿನ ರವಿವಾರ" ಎನ್ನುತ್ತಿದ್ದರು. ಒಂದು ರವಿವಾರ ಅತ್ತೆ ಹೊಸ ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮಗನಿಗೆ ಕಾರ್ಖಾನೆಯಿಂದ ಕರೆ ಬಂತು. ಅತ್ತೆ ರೊಟ್ಟಿಯ ಗಂಟು ಬಿಚ್ಚತೊಡಗಿದರು.

"ಬಿಚ್ಚಬ್ಯಾಡ್ರಿ. ನಡೀರಿ, ನಾವ ಹೋಗೂಣು" ಎಂದೆ.

"ಅದು ನಮ್ಮಿಬ್ಬರ್ನೂ ಹೊರತೈತೇನ?"

ಗಂಗವ್ವನ ಮನೆಯ ತನಕ ಹೊತ್ತೊಯ್ದಿತು. ಅಲ್ಲಿ ಗೆಳತಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ಮೊದಲು ಅತ್ತು, ಆಮೇಲೆ ಸತ್ತುಹೋದ ಎಮ್ಮೆಗಳನ್ನೆಲ್ಲ ಹೆಸರು ಹಿಡಿದು ನೆನೆದು ನಕ್ಕರು. ತಿರುಗಿ ಬರುವಾಗ ಎದುರುಗಾಳಿ. ಚಾರ್ಜು ತೋರಿಸುವ ಮುಳ್ಳು ಇಳಿಯುತ್ತಲೇ ಇತ್ತು. ಕಾಲುವೆ ಸೇತುವೆಯ ಏರಿನಲ್ಲಿ ಗಾಡಿ ಆಮೆಯಾಯಿತು. ಇಲ್ಲೇ ನಿಂತರೆ ಊರೆಲ್ಲ ನಗುತ್ತದೆ, ಅತ್ತೆ ಮತ್ತೆಂದೂ ಹತ್ತುವುದಿಲ್ಲ ಎಂದು ಹ್ಯಾಂಡಲ್ಲಿನ ಹಿಡಿಯನ್ನು ಪೂರ್ತಿ ತಿರುವಿದೆ. ಅಷ್ಟರಲ್ಲಿ ಹಿಂದಿನ ಭಾರ ಹಗುರಾಯಿತು. ಅತ್ತೆ ಇಳಿದಿದ್ದರು.

"ಅದಕ್ಯಾಕ ಜಬರದಸ್ತಿ ಮಾಡ್ತಿ? ಏರು ಬಂದ್ರ ನಾವು ಚಕ್ಕಡಿ ಇಳದು ನಡೀತಿದ್ವಿ" ಎಂದು, ಸೀಟಿನ ಮೇಲೊಂದು ಕೈಯಿಟ್ಟು ಪಕ್ಕದಲ್ಲೇ ನಡೆದರು. ನಾನೂ ಇಳಿದೆ. ಏರು ದಾಟಿ ಮತ್ತೆ ಹತ್ತಿ, ನಿಲ್ಲದೆ ಮನೆ ಮುಟ್ಟಿದೆವು. ಸಂಜೆ ಧಾರಾವಾಹಿಯ ಹೊತ್ತಿಗೆ ನೋಡುತ್ತೇನೆ, ಟೀವಿಯ ವೈರನ್ನು ಅತ್ತೆಯೇ ಕಿತ್ತಿಟ್ಟಿದ್ದಾರೆ. "ದಣದೈತಿ. ಮೊದಲ ಅದಕ್ಕ ಹಾಕು" ಎಂದರು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಂದಿನ ವಾರ ಅತ್ತೆ ಚಹಾ ಕುಡಿಯುತ್ತ, "ಅಥಣಿ ಆಚಿ ಅನಂತಪುರಕ್ಕ ನಮ್ಮ ತಂಗಿ ಮನಿಗಿ ಹೋಗೂಣೇನ?" ಎಂದರು.

"ಅಷ್ಟು ದೂರ ಹೋಗಿ ಬರೂದು ಬ್ಯಾಟರಿಗೆ ಆಗೂದಿಲ್ರಿ ಅತ್ತಿ."

"ಅವರ ಮನ್ಯಾಗ ಕರೆಂಟ್ ಇಲ್ಲೇನ?"

"ಐತ್ರಿ."

"ಮತ್ತ? ನಮಗ ಊಟಕ್ಕ ಹಾಕಾವ್ರು ಅದಕ್ಕ ಇಲ್ಲ ಅಂತಾರೇನ?"

ಎಷ್ಟು ದೂರ ಹೋಗಬಲ್ಲೆವು ಎಂಬುದನ್ನು ಇಷ್ಟು ವರ್ಷ ನಾನು ಗಾಡಿಯ ಮುಳ್ಳಿನಲ್ಲಿ ನೋಡುತ್ತಿದ್ದೆ. ಅತ್ತೆ ನೆಂಟರ ಮನೆಗಳಲ್ಲಿ ನೋಡಿದರು. ರವಿವಾರ ಚಾರ್ಜರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆವು.