ಆ ಬೆಳಕು ನನ್ನದಲ್ಲ

ದೆವ್ವ ಕಂಡೆ, ಭೂತ ಕಂಡೆ ಎನ್ನುವವರ ಮುಖದೆದುರೇ ನಕ್ಕವನು ನಾನು. ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹತ್ತಿದ ಮೇಲೆ ಎಷ್ಟೋ ರಾತ್ರಿ ಬಯಲಲ್ಲೇ ಕಳೆದಿದ್ದೇನೆ. ನರಿ ಬಿಟ್ಟರೆ ಇನ್ನೇನೂ ಕಂಡಿರಲಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಸಂಪತ್ ನಂಬಲಿಲ್ಲವಲ್ಲ, ಅದಕ್ಕೆ ಮಾತ್ರ ವರ್ಷಗಳು ಕಳೆದರೂ ಮೈ ಉರಿಯುತ್ತದೆ.

ಸಂಪತ್ ತ್ರಿಪ್ಲಿಕೇನಿನವನು. ಅವನ ಮನೆತನ ಮದ್ರಾಸಿಗೆ ಬಂದು ತಲೆಮಾರುಗಳಾಗಿವೆ. ಅವನ ಕನ್ನಡದಲ್ಲಿ ತಮಿಳು ಧಾರಾಳವಾಗಿ ಬೆರೆತಿದೆ. ನಾನು ಮೈಸೂರಿನಿಂದ ಕೆಲಸಕ್ಕೆ ಬಂದವನು. ಕ್ಯಾಮೆರಾ ನಮ್ಮನ್ನು ಗೆಳೆಯರನ್ನಾಗಿ ಮಾಡಿತ್ತು. ಚೆನ್ನೈಯಲ್ಲಿ ನಕ್ಷತ್ರ ಹುಡುಕುವುದು ದಂಡ. ತೈಲ ಕಾರ್ಖಾನೆಗಳಿರುವ ಮಣಲಿ ಕಡೆಯಂತೂ ನಡುರಾತ್ರಿಯೂ ಆಕಾಶ ಕೆಂಪಗಿರುತ್ತದೆ. ಅದಕ್ಕೇ ಒಂದು ಅಮಾವಾಸ್ಯೆಗೆ ತೂತುಕುಡಿಯಾಚೆಯ ಕೆಂಪು ಮರಳುಗಾಡಿಗೆ ಅವನ ಕಾರಿನಲ್ಲಿ ಹೋದೆವು.

ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಒಂದರ ಅಂಚು ಇನ್ನೊಂದರಲ್ಲೂ ಬರುವ ಹಾಗೆ ಪಕ್ಕಪಕ್ಕದ ಫೋಟೋ ತೆಗೆಯಬೇಕು. ಆಮೇಲೆ ಜೋಡಿಸಿದರೆ ಅಷ್ಟಗಲದ ಆಕಾಶ ಒಂದೇ ಚಿತ್ರವಾಗುತ್ತದೆ. ಕೆಳಗಿನ ಮರಳೂ ಕಾಣಬೇಕೆಂದರೆ ಒಬ್ಬ ದೂರದಲ್ಲಿ ಮಂಕು ದೀಪ ಹಿಡಿದು ನಿಲ್ಲಬೇಕು, ಕೊನೆಯ ಫೋಟೋ ಮುಗಿಯುವ ತನಕ ಕದಲಬಾರದು. ದೀಪ ಜರುಗಿತೋ, ನೆರಳುಗಳು ಕೂಡಿಕೊಳ್ಳುವುದಿಲ್ಲ. ಸಂಪತ್ ಕ್ಯಾಮೆರಾದ ಹಿಂದಿದ್ದ. ನಾನು ಎಡತುದಿಯ ದಿಬ್ಬದ ಮೇಲೆ ದೀಪ ಹಿಡಿದು ನಿಂತೆ. ನನ್ನ ಬಲಕ್ಕೆ ಒಂದು ಒಂಟಿ ತಾಳೆಮರವಿತ್ತು. ಕಾಲು ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ.

ಮುಗಿದ ಮೇಲೆ ಸಂಪತ್ ಕ್ಯಾಮೆರಾದ ಪರದೆ ನೋಡಿ ಕೂಗಾಡತೊಡಗಿದ.

"ಡೇಯ್, ಲೈಟ್ ತೊಗೊಂಡು ಆ ಪಕ್ಕ ಯಾಕೋ ಹೋದೆ? ಎಲ್ಲಾ ವೇಸ್ಟ್!"

"ನಿಂತ ಜಾಗ ಬಿಟ್ಟು ಕದಲಿಲ್ಲ ಕಣೋ."

"ಪೊಯ್ ಹೇಳ್ಬೇಡ, ಬರೀ ಸುಳ್ಳು. ನೆರಳು ನೋಡು!"

ಮೊದಲ ಫೋಟೋಗಳಲ್ಲಿ ಮರದ ನೆರಳು ಬಲಕ್ಕೆ ಬಿದ್ದಿತ್ತು, ಬೀಳಬೇಕಾದ ಹಾಗೆಯೇ. ನಂತರದವುಗಳಲ್ಲಿ ಎಡಕ್ಕೆ ಬಿದ್ದಿತ್ತು, ಬೆಳಕು ಬಲಗಡೆಯಿಂದ ಬಂದ ಹಾಗೆ. ಕ್ಯಾಮೆರಾದಲ್ಲೇ ಕಣ್ಣಿಟ್ಟಿದ್ದ ಅವನು ನನ್ನ ಕಡೆ ನೋಡಿರಲಿಲ್ಲ. ನನಗೋ, ಬಲಗಡೆ ಉದ್ದಕ್ಕೂ ಬರೀ ಕತ್ತಲೆ ಕಂಡಿತ್ತು. ಸುಳ್ಳುಗಾರ ಅನ್ನಿಸಿಕೊಂಡು ಚೆನ್ನೈವರೆಗೆ ಅವನ ಪಕ್ಕದಲ್ಲೇ ಕೂತು ಬಂದೆ.

ತ್ರಿಪ್ಲಿಕೇನಿನ ಅವನ ಮನೆಯಲ್ಲಿ, ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ನಾನೇ ಒಂದೊಂದನ್ನೂ ತೆರೆಸಿದೆ. ನೆರಳು ಎಡಕ್ಕೆ ತಿರುಗಿದ ಮೊದಲನೇ ಫೋಟೋದ ಎಡ ಅಂಚಿನಲ್ಲಿ ನಾನಿನ್ನೂ ಇದ್ದೆ, ನಿಂತ ಜಾಗದಲ್ಲೇ. ಕೈಯಲ್ಲಿ ದೀಪ ಉರಿಯುತ್ತಿತ್ತು. ನನ್ನ ದೀಪವನ್ನೂ ಮೀರಿಸಿದ ಬೆಳಕೊಂದು ಬಲಗಡೆಯಿಂದ ಬಂದು, ಮರದ ನೆರಳು ನನ್ನ ಕಾಲಿನವರೆಗೆ ಚಾಚಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸಂಪತ್ ಆ ಫೋಟೋವನ್ನು ದೊಡ್ಡದು ಮಾಡಿ, ಮತ್ತೆ ಚಿಕ್ಕದು ಮಾಡಿ ನೋಡಿದ. ಆಮೇಲೆ ಹೇಳಿದ:

"ಹಂಗಂದ್ರೆ ನೀನೇ ಆ ಪಕ್ಕ ಇನ್ನೊಂದು ಲೈಟ್ ಇಟ್ಟಿದ್ದೆ. ಸತ್ಯಮಾ ಹೇಳು."

ನಮ್ಮಲ್ಲಿದ್ದದ್ದು ಒಂದೇ ದೀಪ, ತಂದವನು ಅವನೇ. ಅವನಿಗೆ ಹೆದರಿಕೆಯಾಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹೆದರಿಕೆಯಾದರೆ ಹೆದರಿಕೆ ಎನ್ನಲಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ ನನ್ನನ್ನೇಕೆ ಕಳ್ಳನನ್ನಾಗಿ ಮಾಡಬೇಕು? ಎದ್ದು ಬಂದುಬಿಟ್ಟೆ.

ಕೆಲವು ತಿಂಗಳ ನಂತರ ಒಂದು ಫೋಟೋ ಪ್ರದರ್ಶನಕ್ಕೆ ಹೋದವನು ಅಲ್ಲೇ ಕಂಬದಂತೆ ನಿಂತೆ. ಸಂಪತ್ ನಮ್ಮ ಆ ಚಿತ್ರದ ಕೂಡಿಕೊಳ್ಳದ ಎಡಭಾಗವನ್ನು ನನ್ನ ಸಮೇತ ಕತ್ತರಿಸಿ, ಉಳಿದದ್ದನ್ನು ಗೋಡೆಯಗಲಕ್ಕೆ ತೂಗುಹಾಕಿದ್ದ. ಜನ ಅದರ ಮುಂದೆ ನಿಂತು, "ಲೈಟಿಂಗ್ ಎಷ್ಟು ಚೆನ್ನಾಗಿದೆ" ಎಂದು ಹೊಗಳುತ್ತಿದ್ದರು. ಕೆಳಗಿನ ಚೀಟಿಯಲ್ಲಿ ಛಾಯಾಗ್ರಹಣಕ್ಕೆ ಅವನ ಹೆಸರು, ಬೆಳಕಿಗೆ ನನ್ನ ಹೆಸರು!

ಅಲ್ಲೇ ಇದ್ದ ಅವನನ್ನು ಮೂಲೆಗೆ ಎಳೆದುಕೊಂಡು ಹೋಗಿ, "ಮೊದಲು ನನ್ನ ಹೆಸರು ತೆಗಿ. ಆ ಬೆಳಕು ನನ್ನದಲ್ಲ" ಎಂದೆ. ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಮುಖ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದ:

"ತೆಗಿತೀನಿ. ಯಾರ ಹೆಸರು ಹಾಕ್ಲಿ, ನೀನೇ ಹೇಳು."

ಬೈಯಲು ನನ್ನ ಬಳಿ ಬೇಕಾದಷ್ಟು ಮಾತಿತ್ತು. ಹೇಳಲು ಮಾತ್ರ ಒಂದು ಹೆಸರೂ ಇರಲಿಲ್ಲ. ಇವತ್ತಿಗೂ ಇಲ್ಲ.