ಅಳಿಸಲು ಕಲಿತ ಟೈಪಿಂಗ್ ಮಾಸ್ತರ

ನನಗೆ ತಪ್ಪು ಮಾಡಲು ಚೆನ್ನಾಗಿ ಬರುತ್ತಿತ್ತು, ಅಳಿಸಲು ಬರುತ್ತಿರಲಿಲ್ಲ. ಇದು ಸ್ವಭಾವದ ದೋಷವೆಂದು ನನ್ನ ಹೆಂಡತಿ ಹೇಳುತ್ತಾಳೆ, ವೃತ್ತಿಯ ದೋಷವೆಂದು ನಾನು ಹೇಳುತ್ತೇನೆ. ಮುದ್ದೇಬಿಹಾಳದಲ್ಲಿ ಹತ್ತೊಂಬತ್ತು ವರ್ಷ ಟೈಪಿಂಗ್ ಕಲಿಸಿದವನು ನಾನು. ಟೈಪಿಂಗ್ ಪರೀಕ್ಷೆಯಲ್ಲಿ ತಪ್ಪು ಹೊಡೆದರೆ ಅಂಕ ಹೋಗುತ್ತದೆ. ರಬ್ಬರಿನಿಂದ ಉಜ್ಜಿ ತಿದ್ದಿದರೆ ಅದೂ ತಪ್ಪೇ. ಹೀಗಾಗಿ ನನ್ನ ಕ್ಲಾಸಿನ ಕಾನೂನು ಒಂದೇ ಇತ್ತು: ತಪ್ಪಿದರೆ ಹಾಳೆ ತೆಗೆ, ಹೊಸ ಹಾಳೆ ಹಾಕು. ಈ ಕಾನೂನಿನಲ್ಲಿ ತಯಾರಾದವರು ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಕೂತು ಸರಕಾರಿ ಪತ್ರ ಹೊಡೆಯುತ್ತಿದ್ದರು. ನನಗೆ ಅದರ ಜಂಬವೂ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಜಂಬ ಇಳಿಯಿತು. ಹನ್ನೆರಡು ಟೈಪ್‌ರೈಟರುಗಳ ಮುಂದೆ ಐದೇ ಜನ ಕೂರತೊಡಗಿದರು. ಒಂದು ದಿನ ಸಂಸ್ಥೆಯ ಮಾಲೀಕರು ಚಹಾ ತರಿಸಿದರು. ಅವರು ತಾವಾಗಿ ಚಹಾ ತರಿಸಿದರೆಂದರೆ ಏನೋ ಕಾದಿದೆ ಎಂದೇ ಲೆಕ್ಕ.

"ಮಾಸ್ತರ, ಬ್ಯಾಸಗಿ ಮುಗಿಯೂದ್ರಾಗ ಈ ಮಷಿನ್ ಎಲ್ಲಾ ತಗದುಬಿಡ್ತೇನ್ರಿ. ಕಂಪ್ಯೂಟರ್ ಕ್ಲಾಸ್ ಚಾಲೂ ಮಾಡೂನು. ನೀವು ವೆಬ್ ಪುಟ ಮಾಡೂ ಪರೀಕ್ಷಾ ಪಾಸಾದ್ರ ಕಲಸಾವ್ರು ನೀವ. ಇಲ್ಲಂದ್ರ ನಾ ಬ್ಯಾರೆಯವ್ರನ್ನ ನೋಡಬೇಕಾಗ್ತೈತಿ."

ಹೀಗೆ ನಲವತ್ತೆರಡನೆಯ ವಯಸ್ಸಿನಲ್ಲಿ, ಕೆಲಸ ಉಳಿಸಿಕೊಳ್ಳುವ ಸಲುವಾಗಿ ನಾನು ಮತ್ತೆ ವಿದ್ಯಾರ್ಥಿಯಾದೆ.

ನನಗೆ ಕಲಿಸಲು ಸಿಕ್ಕವಳು ಶಶಿಕಲಾ. ಹತ್ತು ವರ್ಷದ ಹಿಂದೆ ನನ್ನ ಹತ್ತಿರವೇ ಟೈಪಿಂಗಿಗೆ ಬಂದು, ಅರ್ಧಕ್ಕೆ ಬಿಟ್ಟು, ಆಮೇಲೆ ಬಿಜಾಪುರದಲ್ಲಿ ಕಂಪ್ಯೂಟರ್ ಓದಿಕೊಂಡು ಬಂದು, ಊರಲ್ಲೇ ಒಂದು ಖೋಲಿಯಲ್ಲಿ ಕಲಿಸುತ್ತಿದ್ದವಳು. ಅರ್ಧಕ್ಕೆ ಯಾಕೆ ಬಿಟ್ಟಳೆಂಬುದು ನನಗೆ ನೆನಪಿತ್ತು. ಒಂದು ಪತ್ರದಲ್ಲಿ ಒಂದೇ ಒಂದು ಅಕ್ಷರವನ್ನು ರಬ್ಬರಿನಿಂದ ಉಜ್ಜಿ ತಿದ್ದುವಾಗ ನನ್ನ ಕಣ್ಣಿಗೆ ಬಿದ್ದಳು. ಎಲ್ಲರೆದುರು ಆ ಹಾಳೆಯನ್ನು ಎರಡು ತುಂಡು ಮಾಡಿ ಅವಳ ಕೈಗೇ ಕೊಟ್ಟೆ. ಮರುದಿನದಿಂದ ಅವಳು ಬರಲಿಲ್ಲ. ಈಗ ಅವಳಿಗೆ ಅದೆಲ್ಲ ನೆನಪಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅವಳ ಕಂಪ್ಯೂಟರ್ ಖೋಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ.

"ಸರ, ವೆಬ್ ಅಂದ್ರ ಖಾನಾವಳಿ ಇದ್ದಂಗರಿ," ಎಂದು ಅವಳು ಶುರು ಮಾಡಿದಳು. "ಉಣ್ಣಾವ್ರಿಗೆ ಕಾಣೂದು ತಾಟು ಅಷ್ಟ. ಅಡಗಿ ಆಗೂದು ಒಳಗ. ಅದರ ಹಿಂದ ಜ್ವಾಳದ ಚೀಲ ಇಟ್ಟ ಖೋಲಿ. ಪರೀಕ್ಷಾದಾಗ ಮೂರೂ ಕೇಳ್ತಾರ."

ಈ ಮೂರನ್ನೂ ಒಬ್ಬರೇ ಬಲ್ಲವರಾದರೆ ಈಗಿನವರು 'ಫುಲ್ ಸ್ಟ್ಯಾಕ್' ಎಂದು ದೊಡ್ಡ ಹೆಸರಿಡುತ್ತಾರೆ. ಜೋಳ ತಾನೇ ಹಸನು ಮಾಡಿ, ರೊಟ್ಟಿ ತಾನೇ ಬಡಿದು, ತಾಟೂ ತಾನೇ ಇಡುವ ನಮ್ಮ ಖಾನಾವಳಿಯ ಅಕ್ಕನಿಗೆ ಯಾರೂ ಅಂಥ ಹೆಸರು ಕೊಟ್ಟದ್ದು ಕಾಣೆ.

ಬೆರಳೇನೋ ನನ್ನವು ಕುದುರೆಯ ಹಾಗೆ ಓಡುತ್ತಿದ್ದವು. ತೊಂದರೆಯೆಂದರೆ, ಒಂದು ಅಕ್ಷರ ತಪ್ಪಿದರೂ ಅಷ್ಟನ್ನೂ ಬಿಟ್ಟು ಹೊಸ ಪುಟ ತೆರೆದು ಮೊದಲಿನಿಂದ ಹೊಡೆಯುತ್ತಿದ್ದೆ. ಶಶಿಕಲಾ ನಾಲ್ಕು ದಿನ ಸುಮ್ಮನೆ ನೋಡಿದಳು.

"ಸರ, ಅಳಸ್ರಿ. ಇಲ್ಲಿ ಅಳಸಿದ್ರ ಮಾರ್ಕ್ಸ್ ಹೋಗಂಗಿಲ್ಲ."

"ಕೈಗೆ ರೂಢಿ ಇಲ್ಲ, ತಂಗಿ."

"ರೂಢಿ ಮಾಡ್ಕೋರಿ."

ಅದು ಥೇಟು ನನ್ನದೇ ಹಳೆಯ ದನಿ. ಬೆನ್ನು ನೆಟ್ಟಗೆ ಮಾಡಿ ಕೂತೆ. ಬೆರಳು ಮಾತ್ರ ಅಳಿಸುವ ಕೀ ಕಡೆ ಹೋಗಲಿಲ್ಲ.

ಹಿಂದೆ ಓಲೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆಯುತ್ತಿದ್ದವರಿಗೆ ಅಳಿಸುವ ಸೌಕರ್ಯವೇ ಇರಲಿಲ್ಲ. ಆದರೂ ಅವರು ಗರಿ ಹರಿಯಲಿಲ್ಲ. ಅಕ್ಷರ ಬಿಟ್ಟುಹೋದರೆ ಹಂಸಪಾದದ ಗುರುತು ಹಾಕಿ ಪಕ್ಕದಲ್ಲಿ ಬರೆದರು, ಕೊನೆಗೆ ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಕೈಮುಗಿದರು. ತಪ್ಪಿನ ಜಾಗಕ್ಕೆ ಹಂಸದ ಕಾಲಿನ ಹೆಸರಿಟ್ಟ ಜನ ಅವರು. ಇದನ್ನು ನಾನು ತಡವಾಗಿ ಓದಿದೆ.

ಪರೀಕ್ಷೆ ಬಿಜಾಪುರದಲ್ಲಿ. ವಿದ್ಯಾರ್ಥಿಯ ಹೆಸರು ತುಂಬಿದರೆ ಅದು ಒಳಗೆ ಜಮೆಯಾಗಿ ಪಟ್ಟಿಯಲ್ಲಿ ಕಾಣಬೇಕು, ಅದು ಪ್ರಶ್ನೆ. ಎಲ್ಲರಿಗಿಂತ ಮೊದಲು ಹೊಡೆದು ಮುಗಿಸಿದೆ. ಪುಟ ತೆರೆಯಿತು, ಪಟ್ಟಿ ಬರಲಿಲ್ಲ. ಇಂತಿಷ್ಟನೆಯ ಸಾಲಿನಲ್ಲಿ ತಪ್ಪಿದೆ ಎಂದು ಯಂತ್ರ ಹೇಳಿತು. ಆ ಸಾಲನ್ನು ಮೂರು ಸಲ ಓದಿದೆ, ಎಲ್ಲ ಸರಿಯಾಗಿತ್ತು. ಕೈ ತಾನಾಗಿ ಹೊಸ ಪುಟ ತೆರೆಯಲು ಹೊರಟಿತು. ಉಳಿದದ್ದು ಇಪ್ಪತ್ತು ನಿಮಿಷ, ಮೊದಲಿನಿಂದ ಹೊಡೆಯಲು ನಲವತ್ತು ಬೇಕು.

ಕಣ್ಣು ಮುಚ್ಚಿ ಆ ಸಾಲನ್ನು ಮೇಜಿನ ಮೇಲೆ ಬೆರಳಲ್ಲೇ ನುಡಿಸಿ ನೋಡಿದೆ. 'ಒಂದು' ಎಂಬ ಅಂಕಿ ಬಂದಾಗ ಎದ್ದದ್ದು ಬಲಗೈಯ ಉಂಗುರಬೆರಳು. ನಮ್ಮ ಹಳೆಯ ಟೈಪ್‌ರೈಟರಿನಲ್ಲಿ ಒಂದಕ್ಕೆ ಕೀ ಇರಲೇ ಇಲ್ಲ, ಇಂಗ್ಲಿಷಿನ ಸಣ್ಣ 'ಎಲ್' ಹೊಡೆದು ಸಾಗಿಸುತ್ತಿದ್ದೆವು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಹೊಸ ಪುಟದಲ್ಲಿ ಹೊಡೆದಿದ್ದರೂ ಅದೇ ಬೆರಳು ಅದೇ ತಪ್ಪನ್ನು ನಿಷ್ಠೆಯಿಂದ ಮಾಡುತ್ತಿತ್ತು. ಆ ಒಂದು ಅಕ್ಷರವನ್ನು ಅಳಿಸಿ, ಅದರ ಜಾಗದಲ್ಲಿ ಒಂದರ ಕೀ ಒತ್ತಿದೆ. ಪಟ್ಟಿ ಬಂತು.

ಪಾಸಾದ ಸುದ್ದಿ ತಿಳಿದ ದಿನ ಪೇಡೆ ತೆಗೆದುಕೊಂಡು ಶಶಿಕಲಾಳ ಮನೆಗೆ ಹೋದೆ. ಪೇಡೆ ಕೊಡುವ ಮೊದಲೇ ಹೇಳಿಬಿಟ್ಟೆ: "ಅವತ್ತ ನಿನ್ನ ಹಾಳಿ ಹರೀಬಾರದಿತ್ತು ನಾ. ತಪ್ಪಾತು."

ಅವಳು ಒಳಗೆ ಹೋಗಿ ಒಂದು ಹಳೆಯ ಫೈಲು ತಂದಳು. "ಇನ್ನಾ ಐತ್ರಿ ಅದು. ಸಿಟ್ಟಿಲೆ ಇಟ್ಟಿದ್ದೆ, ಆಮ್ಯಾಲ ಹಂಗ ಉಳೀತು."

ಎರಡು ತುಂಡನ್ನೂ ಟೇಪು ಹಚ್ಚಿ ಕೂಡಿಸಿದ್ದಳು. ಕಿಟಕಿಯ ಬೆಳಕಿಗೆ ಹಿಡಿದು, ಅವಳು ತಿದ್ದಿದ ಅಕ್ಷರವನ್ನು ಸಾಲು ಸಾಲಾಗಿ ಹುಡುಕಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ಹುಡುಕಿದೆ.

"ಎಲ್ಲೈತಿ ನೀ ತಿದ್ದಿದ್ದು?"

"ನಂಗೂ ಈಗ ಸಿಗಂಗಿಲ್ರಿ ಸರ."

ಇಡೀ ಹಾಳೆಯಲ್ಲಿ ಕಾಣುತ್ತಿದ್ದುದು ನಾನು ಹರಿದ ಗೆರೆ ಒಂದೇ.

ಹೊಸ ಕ್ಲಾಸು ಜೂನ್‌ನಲ್ಲಿ ಶುರುವಾಯಿತು. ಮೊದಲ ದಿನ ಎಲ್ಲರಿಗೂ ಅಳಿಸುವ ಕೀ ಎಲ್ಲಿದೆ ಎಂದು ತೋರಿಸಿ, ಆಮೇಲೆ ಉಳಿದ ಅಕ್ಷರಗಳಿಗೆ ಬಂದೆ.