ಹೆಸರು ಕೂಗದೆ ದುರ್ಗಪ್ಪ ಗಾಡಿ ತೆಗೆಯುವುದಿಲ್ಲ

ಭಟ್ಕಳದ ಕಡೆಯ ಆ ಪುಟ್ಟ ಇಗರ್ಜಿಯ ಅಂಗಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜನವರಿಯ ಮಂಜಿಗೆ ಟೆಂಪೊ ಟ್ರಾವೆಲರ್‌ನ ಗಾಜೆಲ್ಲ ಬೆವರಿದೆ. ಯಾತ್ರೆಗೆ ಹೊರಟವರು ಹತ್ತಿ ಕೂತು ಆಗಲೇ ಆಕಳಿಸುತ್ತಿದ್ದಾರೆ. ಡ್ರೈವರ್ ದುರ್ಗಪ್ಪ ನಾಯ್ಕ ಮಾತ್ರ ಸೀಟಿಗೆ ಹೋಗಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದಾರೆ. ಕೂಗಿಗೆ ಬಾಯಿಬಿಟ್ಟು ಉತ್ತರ ಬರಬೇಕು. ಕೈ ಎತ್ತಿದರೆ ನಡೆಯುವುದಿಲ್ಲ, ತಲೆ ಆಡಿಸಿದರೆ ಮೊದಲೇ ನಡೆಯುವುದಿಲ್ಲ. ಇಗರ್ಜಿಯ ಫಾದರ್ ಕೂಡ "ಇದ್ದೇನೆ ಮಾರಾಯ" ಎನ್ನಲೇಬೇಕು.

"ನಾವೆಂತ ಶಾಲೆ ಮಕ್ಕಳಾ?" ಎಂದು ಹೊಸಬರೊಬ್ಬರು ಗೊಣಗುತ್ತಾರೆ.

"ಶಾಲೆ ಮಕ್ಕಳಾದ್ರೆ ಬಿಟ್ಟು ಹೋದ್ರೆ ಬೊಬ್ಬೆ ಹಾಕ್ತಿದ್ರು. ನೀವು ಹಾಕೂದಿಲ್ಲ, ಅದೇ ಹೆದರಿಕೆ ನಂಗೆ," ಎನ್ನುತ್ತಾರೆ ದುರ್ಗಪ್ಪ. ಅಷ್ಟಕ್ಕೇ ಬಿಡುವುದಿಲ್ಲ. ಚಳಿಗೆ ಶಾಲು ಹೊದ್ದು ಮುದುರಿ ಕೂತವರ ಹತ್ತಿರ ಹೋಗಿ, "ಒಂಚೂರು ಮುಖ ತೋರ್ಸಿ" ಎಂದು ಶಾಲನ್ನೇ ಸರಿಸಿ ನೋಡುತ್ತಾರೆ. ಹಳಬರು ಮುಸಿಮುಸಿ ನಗುತ್ತಾರೆ. ಹೋದ ವರ್ಷ ನಡೆದದ್ದನ್ನು ಕಂಡವರಾರೂ ಗೊಣಗುವುದಿಲ್ಲ.

ದುರ್ಗಪ್ಪ ಹಳದೀಪುರದವರು. ಅರ್ಧ ಆಯುಷ್ಯ ಮೀನು ಲಾರಿ ಓಡಿಸಿದವರು. ಐಸು ಕರಗುವ ಮುಂಚೆ ಗೋವಾ ಮುಟ್ಟಬೇಕೆಂದು ರಾತ್ರಿಯೆಲ್ಲ ಕಣ್ಣಿಗೆ ನೀರು ಹೊಡೆದುಕೊಂಡು ಓಡಿಸಿ, ಬೆನ್ನು ಕೈಕೊಟ್ಟ ಮೇಲೆ ಈ ಚಿಕ್ಕ ಗಾಡಿಗೆ ಬಂದರು. ಮದುವೆ, ಆಸ್ಪತ್ರೆ, ಧರ್ಮಸ್ಥಳ, ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಆದರೆ ಜನವರಿ ಬಂತೆಂದರೆ ಬೇರೆ ಬಾಡಿಗೆ ಒಪ್ಪುವುದಿಲ್ಲ. ಶತಮಾನಗಳ ಹಿಂದೆ ಈ ಕರಾವಳಿಯಲ್ಲಿ ಬರಿಗಾಲಲ್ಲಿ ತಿರುಗಿದರೆನ್ನುವ ಸಂತ ಜೋಸೆಫ್ ವಾಜ್‌ರ ನೆನಪಿನ ಜಾಗಗಳಿಗೆ ಇಗರ್ಜಿಯವರು ಹೊರಡುವುದು ಆಗಲೇ. ಭಟ್ಕಳದಿಂದ ಹೊನ್ನಾವರ ದಾಟಿ ಚಂದಾವರ, ಕೊನೆಗೆ ಕುಮಟಾ. ಸಂತರ ಮರದ ಮೂರ್ತಿಯೂ ಜೊತೆಗೇ ಬರುತ್ತದೆ.

ದಾರಿಯುದ್ದಕ್ಕೂ ಗಾಡಿಯಲ್ಲಿ ತೇರ್ಸ್ ನಡೆಯುತ್ತದೆ, ಅಂದರೆ ಜಪಸರದ ಪ್ರಾರ್ಥನೆ. ಅದಕ್ಕೆ ಐದು ಸುತ್ತು. ಒಂದೊಂದು ಸುತ್ತನ್ನು ಒಬ್ಬೊಬ್ಬರು ಹೇಳಿಕೊಡಬೇಕು, ಉಳಿದವರು ದನಿಗೂಡಿಸಬೇಕು. ಎಲ್ಲವೂ ಕೊಂಕಣಿಯಲ್ಲಿ. ಕೇಳಿ ಕೇಳಿ ದುರ್ಗಪ್ಪನಿಗೂ ಬಾಯಿಪಾಠವಾಗಿದೆ. ನಾಲ್ಕನೇ ಸುತ್ತು ಯಾವತ್ತೂ ನತಾಲಿನ್ ಲೋಪಿಸ್ ಅವರದು. ಎಲ್ಲರಿಗಿಂತ ಹಿರಿಯರು, ಗೌರವಕ್ಕೆ ಎಲ್ಲರೂ 'ಬಾಯಿ' ಎಂದೇ ಕರೆಯುತ್ತಾರೆ. ಕಣ್ಣು ಮಂದ, ದನಿ ಮಾತ್ರ ಗಂಟೆ ಬಾರಿಸಿದ ಹಾಗೆ. ಆ ಸುತ್ತನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದು ಯಾರೂ ಕಂಡಿಲ್ಲ.

ಹೋದ ವರ್ಷ ಮೊದಲ ನಿಲುಗಡೆ ಹೊನ್ನಾವರಕ್ಕಿಂತ ಹಿಂದೆ, ಹೆದ್ದಾರಿಯಿಂದ ಒಳಗೆ, ಸಣ್ಣ ಒರತೆಯ ಪಕ್ಕದ ಶಿಲುಬೆ. ಸಂತರು ಅಲ್ಲಿ ನೀರು ಕುಡಿದರೆಂದು ಗುಂಪಿನವರ ನಂಬಿಕೆ. ಮೂರ್ತಿಯನ್ನು ಇಳಿಸಿ ಪ್ರಾರ್ಥನೆ ಮುಗಿಸಿ ಮರಳುವಾಗ ಅದರ ಪೆಟ್ಟಿಗೆಯ ತಳ ಕಿತ್ತುಬಂತು. ಉಳಿದವರು ಹತ್ತುವ ಮೊದಲೇ ನತಾಲಿನ್ ಬಾಯಿ ತಮ್ಮ ಒಂಟಿ ಸೀಟಿನಲ್ಲೇ ಮೂರ್ತಿಯನ್ನು ಕೂರಿಸಿ, ಬೀಳದಂತೆ ಬೆಲ್ಟು ಬಿಗಿಸಿ, ಮಂಜು ತಾಗದಿರಲೆಂದು ತಮ್ಮ ಬಿಳಿ ಶಾಲನ್ನೇ ತಲೆತುಂಬ ಹೊದಿಸಿದರು. ಬಾಟಲಿಗೆ ನೀರು ತುಂಬಿಕೊಂಡು ಬಂದು ಹಿಂದೆಲ್ಲಾದರೂ ಕೂರೋಣವೆಂದು ಇಳಿದರು. ಯಾರಿಗೂ ಹೇಳಲಿಲ್ಲ.

ದುರ್ಗಪ್ಪ ಕನ್ನಡಿಯಲ್ಲಿ ತಲೆ ಎಣಿಸಿದರು. ನತಾಲಿನ್ ಬಾಯಿಯ ಸೀಟಿನಲ್ಲಿ ನತಾಲಿನ್ ಬಾಯಿಯ ಶಾಲು. ಲೆಕ್ಕ ಸರಿ. ಗಾಡಿ ಹೊರಟಿತು!

ಶರಾವತಿ ಸೇತುವೆ ದಾಟಿತು, ಕರ್ಕಿ ದಾಟಿತು. ಮೂರನೇ ಸುತ್ತು ಮುಗಿಯಿತು. ಆಮೇಲೆ ಸದ್ದೇ ಇಲ್ಲ. ಎಲ್ಲರೂ ಕಾದರು. ಬಾಯಿಗೆ ಜೊಂಪು ಹತ್ತಿರಬೇಕೆಂದು ಹಿಂದಿನ ಸೀಟಿನ ಹೆಂಗಸು ಭುಜ ಮುಟ್ಟಿ ಅಲುಗಾಡಿಸಿದಳು. ಮುಟ್ಟಿದ್ದು ಭುಜವಲ್ಲ, ಮರ! ಅವಳು ಕಿಟಾರನೆ ಕಿರುಚಿದ ಸದ್ದಿಗೆ ಗಾಡಿಗೆ ಗಾಡಿಯೇ ಎದ್ದು ನಿಂತಿತು.

"ಬ್ರೇಕ್ ಒತ್ತಿದ್ದು ನಾನೋ ಮತ್ಯಾರೋ, ಇವತ್ತಿಗೂ ಗೊತ್ತಿಲ್ಲ," ಎನ್ನುತ್ತಾರೆ ದುರ್ಗಪ್ಪ. ಫೋನ್ ಮಾಡೋಣವೆಂದರೆ ಬಾಯಿಯ ಫೋನು ಸೀಟಿನ ಕೆಳಗಿನ ಚೀಲದಲ್ಲೇ ರಿಂಗಾಯಿತು. ಸಕ್ಕರೆ ಕಾಯಿಲೆಯ ಮಾತ್ರೆಯೂ ಅದೇ ಚೀಲದಲ್ಲಿ.

ಅದು ನಡೆದದ್ದು ಹಳದೀಪುರದ ಬಸ್‌ಸ್ಟಾಪಿನ ಎದುರೇ. ದುರ್ಗಪ್ಪನ ಹೆಂಡತಿ ಗಂಗಿ ಪ್ರತಿವರ್ಷದಂತೆ ಸಂತರಿಗೆಂದು ದಾಸವಾಳ ಕೊಯ್ದು ತಂದು ರಸ್ತೆ ಬದಿಯಲ್ಲಿ ನಿಂತಿದ್ದರು. ಗಂಡ ಅವರತ್ತ ತಿರುಗಿಯೂ ನೋಡದೆ ಗಾಡಿ ತಿರುಗಿಸಿಕೊಂಡು ಹೋದದ್ದೇ ಹೋದದ್ದು. "ಅವ್ರ ಮುಖ ನೋಡಿ ಯಾರೋ ಸತ್ತೇ ಹೋದ್ರು ಅಂದ್ಕಂಡೆ. ಹೂ ಹಿಡ್ಕಂಡು ಅಲ್ಲೇ ಕೂತ್ಬಿಟ್ಟೆ," ಎಂದು ಗಂಗಿ ಈಗಲೂ ಎದೆ ಮುಟ್ಟಿಕೊಳ್ಳುತ್ತಾರೆ.

ದುರ್ಗಪ್ಪನಿಗೆ ಒಂದೇ ದಿಗಿಲು. ಆ ಒರತೆಯ ಹಿಂದೆಯೇ ಚಿರೆಕಲ್ಲು ತೆಗೆದು ಬಿಟ್ಟ ಹೊಂಡವಿದೆ. ಬೇಲಿಯಿಲ್ಲ, ಒಳಗೆ ಹಸಿರು ನೀರು. ಬಾಯಿಗೆ ನಾಲ್ಕು ಮಾರು ಆಚೆ ಕಾಣುವುದಿಲ್ಲ. ಗಾಡಿಯೊಳಗೆ ಅಳು. ಆಗ ಸ್ಟೇರಿಂಗ್ ಹಿಡಿದ ದುರ್ಗಪ್ಪನೇ ಗಟ್ಟಿಯಾಗಿ "ನಮಾನ್ ಮರಿಯೆ" ಎಂದು ನಾಲ್ಕನೇ ಸುತ್ತು ಶುರುಮಾಡಿದರು. ಕುಂಕುಮವಿಟ್ಟ ಹಣೆ, ಕನ್ನಡಿಗೆ ಕಟ್ಟಿದ ಇಡಗುಂಜಿ ಗಣಪನ ಚಿತ್ರ, ಬಾಯಲ್ಲಿ ತೇರ್ಸ್! ಉಳಿದವರು ಅಳುತ್ತಲೇ ದನಿಗೂಡಿಸಿದರು.

ಶಿಲುಬೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಂಡದ ಅಂಚಿನಲ್ಲಿ ಬಾಯಿಯ ನೀರಿನ ಬಾಟಲಿ ಬಿದ್ದಿತ್ತು.

"ಅದ್ನ ಕಂಡವ್ನೇ ಬಾಯೀ ಬಾಯೀ ಅಂತ ಹೊಂಡಕ್ಕೆ ಬಗ್ಗಿ ಕೂಗ್ದೆ. ನನ್ ಕೂಗೇ ತಿರುಗಿ ಬಂತು. ನಂಬಿ ಹತ್ತಿದ ಜೀವ ನುಂಗಿದ್ನಲ್ಲ ಅಂತ..." ದುರ್ಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಅಂಗಿ ಬಿಚ್ಚಿ ಇನ್ನೇನು ನೀರಿಗಿಳಿಯಬೇಕು, ಹಿಂದಿನಿಂದ ಹೆಂಗಸೊಬ್ಬಳ ದನಿ. "ಓಯ್, ಅಲ್ಲಿ ಎಂತ ಹುಡುಕ್ತ್ರಿ? ಅಮ್ಮ ನಮ್ಮನೇಲಿ ಅದಾರೆ!" ಗದ್ದೆಯಾಚೆಯ ಮನೆಯ ಸಣ್ಣಿ. ಹೊಂಡದ ಅಂಚಿನಲ್ಲಿ ತಡವರಿಸುತ್ತಿದ್ದ ನತಾಲಿನ್ ಬಾಯಿಯ ಕೈ ಹಿಡಿದು ಎಳೆದು ಮನೆಗೆ ಕರೆದೊಯ್ದದ್ದು ಅವಳೇ. ಎಳೆಯುವಾಗ ಬಾಟಲಿ ಜಾರಿತ್ತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಕಥೆ ಮುಗಿಯುತ್ತಿತ್ತು.

ದುರ್ಗಪ್ಪ ಗದ್ದೆ ಹಾರಿ ಓಡಿದರು. ಬಾಯಿ ಜಗಲಿಯ ಮೇಲೆ ಸಣ್ಣಿಯ ಕಂಬಳಿ ಹೊದ್ದು, ಗಂಜಿ ಉಂಡು, ಕಾಲು ಚಾಚಿ ಕೂತಿದ್ದಾರೆ. ಎಷ್ಟು ಬೈದರೂ ಕೇಳಬೇಕೆಂದು ದುರ್ಗಪ್ಪ ತಲೆ ತಗ್ಗಿಸಿ ನಿಂತರು. ಬೈಗುಳ ಬರಲಿಲ್ಲ. ಸಣ್ಣಿ ಒಳಗಿನಿಂದ ತಟ್ಟೆ ಮುಚ್ಚಿಟ್ಟ ಚಾ ಲೋಟ ತಂದು ಕೈಗೆ ಕೊಟ್ಟಳು.

"ಇದು ನಿಮ್ಗೇ ಇಟ್ಟದ್ದು. ಅಮ್ಮ ಬಂದು ಕೂತವ್ರೇ ಹೇಳಿದ್ರು, ನಮ್ ಡ್ರೈವರ್ ಬತ್ತ, ಬಿದ್ದೂ ಎದ್ದೂ ಬತ್ತ, ಅವಂಗೊಂದು ಚಾ ಇಡು ಅಂತ."

ದುರ್ಗಪ್ಪ ಆ ಲೋಟ ಹಿಡಿದುಕೊಂಡು ಅಂಗಳದಲ್ಲೇ ಕುಸಿದು ಕೂತು, ಹಿಂದೆ ಬಂದ ಅಷ್ಟೂ ಜನರ ಎದುರು ಹೋ ಎಂದು ಅತ್ತರು.

ಸಂಜೆ ಕುಮಟಾದಲ್ಲಿ ಯಾತ್ರೆ ಮುಗಿದಾಗ, ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಅವರೇ ಕೈ ಮುಗಿದರು. ಒಂದಿಬ್ಬರಿಗೆ ಅದೇ ಸರಿ ಅನ್ನಿಸಿತ್ತು ಕೂಡ. ನತಾಲಿನ್ ಬಾಯಿ ರೇಗಿದರು. "ಹೇಳದೆ ಇಳಿದದ್ದು ನಾನು. ಬೇರೆ ಡ್ರೈವರ್ ಬಂದ್ರೆ ನಾನು ಬರೂದೇ ಇಲ್ಲ, ಆತಾ?"

ಈ ವರ್ಷ ಬಾಯಿ ಡ್ರೈವರ್ ಹಿಂದಿನ ಸೀಟಿಗೇ ಬಂದು ಕೂತಿದ್ದಾರೆ. ಅವರ ಹೆಸರನ್ನು ಮಾತ್ರ ದುರ್ಗಪ್ಪ ಎರಡೆರಡು ಸಲ ಕೂಗುತ್ತಾರೆ. ಒಂದು ವರ್ಷವಾಯಿತಲ್ಲ, ಮರೆತುಬಿಡಬಾರದೇ ಎಂದು ಕೇಳಿದರೆ ಹೀಗೆನ್ನುತ್ತಾರೆ:

"ಬೈದಿದ್ರೆ ಯಾವತ್ತೋ ಮರ್ತು ಬಿಡ್ತಿದ್ದೆ. ಬಿಟ್ಟು ಹೋದವ್ನಿಗೆ ಚಾ ಮಾಡಿಸಿಟ್ಟು ಕಾದ್ರಲ್ಲ, ಅದ್ನ ಹ್ಯಾಂಗೆ ಮರೆಯೂದು ಹೇಳಿ?"